ಇನ್ನೂರ ಹನ್ನೆರಡನೇ ಪುಟದ ರೆಫರಿ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು ಅವರು. ವಾರವೆಲ್ಲ ಅಂಗಡಿ ಅಂಗಡಿ ಹತ್ತಿಳಿದು ತಕ್ಕಡಿ ಪರೀಕ್ಷಿಸುವುದು, ಭಾನುವಾರ ಕೊರಳಿಗೆ ಸೀಟಿ ಹಾಕಿಕೊಂಡು ರಗ್ಬಿ ಲೀಗ್ ಪಂದ್ಯಗಳಿಗೆ ರೆಫರಿಯಾಗುವುದು. ಎರಡೂ ಜನರ ಪ್ರೀತಿ ಗಳಿಸುವ ಕೆಲಸಗಳಲ್ಲವೆಂದು ಅವರಿಗೆ ಗೊತ್ತಿತ್ತು.

ಎಪ್ಪತ್ತು ತುಂಬಿದ ದಿನ ಮಗಳು ಒಂದು ದಪ್ಪ ಪುಸ್ತಕ ತಂದುಕೊಟ್ಟಳು. ಗೂಳಿ ಎಂದೇ ಹೆಸರಾಗಿದ್ದ ಹಳೆಯ ಆಟಗಾರನೊಬ್ಬನ ಆತ್ಮಕಥೆ.

"ನಿಮ್ಮ ಕಾಲದವನಲ್ವಾ ಅಪ್ಪ?" ಅಂದಳು.

ಅವಳು ಹುಟ್ಟುವ ಮೊದಲಿನ ಸಂಗತಿ, ಅವಳಿಗೇನೂ ಗೊತ್ತಿರಲಿಲ್ಲ. ಅವಳ ತಾಯಿಗೆ ಗೊತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದ ಆಕೆ, ಮುಖಪುಟ ಕಂಡದ್ದೇ ಪೆಡಲಿನಿಂದ ಕಾಲು ತೆಗೆದರು.

ಮೂವತ್ತೇಳು ವರ್ಷಗಳ ಹಿಂದೆ, ಫೈನಲ್ ಪಂದ್ಯದ ಕೊನೆಯ ನಿಮಿಷದಲ್ಲಿ, ಗೂಳಿ ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿ ಬಿದ್ದಿದ್ದ. ಅಲ್ಲಿ ಚೆಂಡು ನೆಲ ಮುಟ್ಟಿದ್ದರೆ ಅವನ ತಂಡ ಗೆಲ್ಲುತ್ತಿತ್ತು. ಇನ್ಸ್‌ಪೆಕ್ಟರು ಇಲ್ಲವೆಂದು ಕೈಯಾಡಿಸಿದರು. ಆ ಕ್ಷಣವನ್ನು ಮತ್ತೆ ಹಾಕಿ ನೋಡಲು ಆಗ ಟಿವಿ ಪರದೆ ಇರಲಿಲ್ಲ. ಅವತ್ತು ಸಂಜೆ ಮನೆಯ ಬಾಗಿಲಿಗೆ ಮೊಟ್ಟೆಗಳು ಬಿದ್ದವು. ಮೂರು ತಿಂಗಳು ಹೆಂಡತಿಯ ಬಳಿ ಯಾರೂ ಬಟ್ಟೆ ಹೊಲಿಯಲು ಕೊಡಲಿಲ್ಲ.

"ಮೊದಲು ಅದನ್ನ ಕಸಕ್ಕೆ ಹಾಕ್ರಿ," ಅಂದರು ಹೆಂಡತಿ, ಮಗಳು ಹೋದ ಮೇಲೆ.

"ಪ್ರೀತಿಯಿಂದ ತಂದಿದಾಳೆ ಕಣೇ. ಒಂದೆರಡು ಪುಟ ನೋಡ್ತೀನಿ."

ಒಂದೆರಡು ಪುಟ ನಲವತ್ತಾಯಿತು. ಗೂಳಿ ಆಡುತ್ತಿದ್ದ ಹಾಗೆಯೇ ಬರೆದಿದ್ದ: ತಲೆ ತಗ್ಗಿಸಿ ನೇರ ನುಗ್ಗುವುದು. ಮೊದಲ ಪಂದ್ಯದಲ್ಲಿ ಅವನ ಎರಡು ಹಲ್ಲು ಉದುರಿದಾಗ ಅವನಮ್ಮ ಮೈದಾನಕ್ಕೇ ಇಳಿದು, ಹುಲ್ಲಿನಲ್ಲಿ ಹಲ್ಲು ಹುಡುಕಿ ಕರ್ಚೀಫಿನಲ್ಲಿ ಕಟ್ಟಿಕೊಂಡು, ಹೊಡೆದವನನ್ನು ನಿಲ್ಲಿಸಿ, "ನಿಮ್ಮಮ್ಮ ಎಲ್ಲಿ ಕೂತಿದಾಳೆ, ತೋರ್ಸು" ಎಂದಿದ್ದಳು. ಮೂಗು ಐದು ಸಲ ಮುರಿದಿತ್ತು. ಐದನೇ ಸಲ ಡಾಕ್ಟರು, "ಯಾವ ಕಡೆಗೆ ತಿರುಗಿಸಿ ಕೂರಿಸ್ಲಿ, ನೀವೇ ಹೇಳಿ" ಎಂದು ಕೇಳಿದ್ದರು. ಇನ್ಸ್‌ಪೆಕ್ಟರು ಅಡುಗೆಮನೆಯ ಮೇಜಿನ ಮುಂದೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ರೇಗಿದಂತೆ ಓಡುತ್ತಿತ್ತು.

ನಾಲ್ಕನೇ ದಿನ ಇನ್ನೂರ ಹನ್ನೆರಡನೇ ಪುಟ ಬಂತು. ಅದನ್ನವರು ಗಟ್ಟಿಯಾಗಿ ಓದಿದರು.

"'ತಕ್ಕಡಿ ನೋಡುವುದು ಆ ಮನುಷ್ಯನ ಕಸುಬಂತೆ. ಅವತ್ತು ಕಣ್ಣುಗಳನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದ. ಚೆಂಡು ನೆಲ ಮುಟ್ಟಿದ್ದು ನನಗೆ ಗೊತ್ತು, ಹುಲ್ಲಿಗೆ ಗೊತ್ತು, ದೇವರಿಗೆ ಗೊತ್ತು.'"

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕತ್ತರಿ.

"ಓದ್ಕೊಂಡು ನಗ್ತೀರಲ್ರೀ, ಮಾನ ಮರ್ಯಾದೆ ಇದೆಯಾ?"

"ಬೈದಿದ್ರೂ ಚೆನ್ನಾಗಿ ಬೈದಿದಾನೆ ಕಣೇ."

"ಕುಣಿಯೋಕೆ ಬಾರದವನಿಗೆ ನೆಲ ಡೊಂಕು," ಎಂದು ಆಕೆ ಒಳಗೆ ಹೋದರು.

ಶನಿವಾರ ಪೇಟೆಬೀದಿಯ ಪುಸ್ತಕದಂಗಡಿಗೆ ಗೂಳಿ ಸಹಿ ಹಾಕಲು ಬರುತ್ತಾನೆಂದು ಪತ್ರಿಕೆಯಲ್ಲಿತ್ತು. ಅದನ್ನು ಮೊದಲು ನೋಡಿದ್ದೂ, ಮೊದಲು ಚಪ್ಪಲಿ ಮೆಟ್ಟಿದ್ದೂ ಹೆಂಡತಿಯೇ.

"ನಡೀರಿ. ಮುಖಕ್ಕೆ ಮುಖ ಕೊಟ್ಟು ನಾಲ್ಕು ಮಾತು ಕೇಳೋದಿದೆ."

ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರು. ಗೂಳಿ ಸಣ್ಣ ಮೇಜಿನ ಹಿಂದೆ ಎರಡೂ ಕಾಲು ಚಾಚಿ ಕೂತಿದ್ದ, ಕುರ್ಚಿಗೆ ಊರುಗೋಲು ಒರಗಿಸಿತ್ತು. ಮೂಗು ಎಡಕ್ಕೆ ತಿರುಗಿತ್ತು. ಹೆಂಡತಿ ಅವನ ಮುಂದೆ ಪುಸ್ತಕವನ್ನು ಅದೇ ಪುಟಕ್ಕೆ ತೆರೆದಿಟ್ಟರು.

"ಆಫೀಸಿನಲ್ಲಿ ಕಣ್ಣು ಬಿಟ್ಟು ಬಂದವರು ಇವರೇ. ನಮ್ಮನೆ ಬಾಗಿಲಿಗೆ ಎಷ್ಟು ಮೊಟ್ಟೆ ಬಿತ್ತು ಅಂತ ಇದರಲ್ಲಿ ಬರ್ದೇ ಇಲ್ವಲ್ಲ?"

ಗೂಳಿ ಮುಖವೆತ್ತಿ ನೋಡಿದ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಏಳಲು ಹೋದ, ಮಂಡಿ ಬಗ್ಗಲಿಲ್ಲ. ಇನ್ಸ್‌ಪೆಕ್ಟರು ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

"ಪುಸ್ತಕ ತುಂಬಾ ಚೆನ್ನಾಗಿದೆ," ಅಂದರು. "ಒಂದೇ ಮಾತು. ಚೆಂಡು ಮುಟ್ಟಲಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ನನಗೆ ಕಾಣಿಸ್ಲಿಲ್ಲ, ಅಷ್ಟೆ. ನಿಮ್ಮ ಮೇಲೆ ಮೂರು ಜನ ಬಿದ್ದಿದ್ರು. ಕಾಣದ್ದನ್ನ ಕೊಡೋದು ಹೇಗೆ?"

ಹೆಂಡತಿ ಸರಕ್ಕನೆ ಗಂಡನ ಕಡೆ ತಿರುಗಿದರು. ಹಿಂದೆ ನಿಂತವರು ಯಾರೋ ಬೇಗ ಬೇಗ ಅಂದರು. ಗೂಳಿ ಮುಂದಕ್ಕೆ ಬಾಗಿ ದನಿ ತಗ್ಗಿಸಿದ.

"ನಿಜ ಹೇಳ್ಲಾ ಸಾರ್? ನನಗೂ ಗೊತ್ತಿಲ್ಲ. ಮುಖ ಮಣ್ಣಲ್ಲಿತ್ತು, ಕೈ ಯಾರ ಕೆಳಗೋ ಸಿಕ್ಕಿಕೊಂಡಿತ್ತು. ಮುಟ್ತು ಅಂತ ಅವತ್ತು ಸಿಟ್ಟಲ್ಲಿ ಅಂದೆ. ಹೇಳ್ತಾ ಹೇಳ್ತಾ ಮುಟ್ಟೇಬಿಡ್ತು."

"ಹಂಗಾದ್ರೆ ತಿದ್ದಿ," ಅಂದರು ಹೆಂಡತಿ.

ಅವನು ಪೆನ್ನಿನಿಂದ 'ನನಗೆ ಗೊತ್ತು' ಎಂಬ ಎರಡು ಪದ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ. ಹುಲ್ಲನ್ನೂ ದೇವರನ್ನೂ ಮುಟ್ಟಲಿಲ್ಲ.

ಬಸ್ಸಿನಲ್ಲಿ ಎರಡು ನಿಲ್ದಾಣ ಕಳೆದ ಮೇಲೆ ಆಕೆ ಕೇಳಿದರು.

"ಕಾಣಿಸ್ಲಿಲ್ಲ ಅಂತ ನನಗಾದ್ರೂ ಹೇಳಬಹುದಿತ್ತಲ್ಲ?"

"ಹೇಗೆ ಹೇಳ್ಲಿ? ಮುಟ್ಟೇ ಇಲ್ಲ, ನಮ್ಮನೆಯವರು ಕಣ್ಣಾರೆ ನೋಡಿದಾರೆ ಅಂತ ನೀನು ಆಗ್ಲೇ ಬೀದಿಯವರ ಜೊತೆಯೆಲ್ಲ ಜಗಳ ಆಡಿ ಬಂದಿದ್ದೆ."

ಆಕೆ ಕಿಟಕಿಯ ಕಡೆ ಮುಖ ಮಾಡಿದರು. ನಗುತ್ತಿದ್ದರೋ ಮುನಿಸಿಕೊಂಡಿದ್ದರೋ ಗಂಡನಿಗೆ ತಿಳಿಯಲಿಲ್ಲ. ಮನೆ ಸೇರಿದ ಮೇಲೆ ಆಕೆಯೇ ಪುಸ್ತಕವನ್ನು ಚೀಲದಿಂದ ತೆಗೆದು, ಕನ್ನಡಕ ಹುಡುಕಿ, ಮೊದಲ ಪುಟದಿಂದ ಓದಲು ಕೂತರು. ಆಕೆಯ ಓದು ನಿಧಾನ. ತಾವು ಓದದೆ ಉಳಿದಿದ್ದ ತೊಂಬತ್ತು ಪುಟಗಳಿಗಾಗಿ ಇನ್ಸ್‌ಪೆಕ್ಟರು ಹನ್ನೊಂದು ದಿನ ಕಾಯಬೇಕಾಯಿತು.