ಹನಾದಿಯ ಅಣ್ಣ

ಹನಾದಿ ಎಂದರೆ ಸುರೇಖಾಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ, ಸಿಂಗಪುರಕ್ಕೆ ಬಂದು, ಸೆರಂಗೂನಿನ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ಹೆಂಗಸು. ಚಿತ್ರಗಳಲ್ಲಿ ಬಿಡಿಸುತ್ತಿದ್ದದ್ದು ಮಾತ್ರ ಕಿಟಕಿಯಾಚೆ ಒಣಗುವ ಬಟ್ಟೆ, ಕಟ್ಟಡದ ಕೆಳಗಿನ ತೆರೆದ ಜಗಲಿಯಲ್ಲಿ ತೂಕಡಿಸುವ ಮುದುಕರು, ಮೀನಿನಂಗಡಿಯ ಐಸು. ಕೈ ಚೆನ್ನಾಗಿತ್ತು ಎಂದೇ ಲಿಟಲ್ ಇಂಡಿಯಾದ ತನ್ನ ಗ್ಯಾಲರಿಯಲ್ಲಿ ಸುರೇಖಾ ಜಾಗ ಕೊಟ್ಟಿದ್ದಳು.

"ನಿಮ್ಮ ಊರಿನ ಯುದ್ಧ ಬಿಡಿಸಿ. ಜನ ಅದನ್ನೇ ನಿರೀಕ್ಷಿಸ್ತಾರೆ," ಎಂದಿದ್ದಳು ಇಂಗ್ಲಿಷಿನಲ್ಲಿ.

"ನಾನು ಇರೋದು ಇಲ್ಲಿ. ಕಣ್ಣಿಗೆ ಕಾಣೋದನ್ನ ಬಿಡಿಸ್ತೀನಿ," ಎಂದು ಹನಾದಿ ಕುಂಚ ತೊಳೆಯುತ್ತಲೇ ಉತ್ತರಿಸಿದ್ದಳು.

ಆ ಉಡಾಫೆ ಸುರೇಖಾಳನ್ನು ಕೆರಳಿಸಿತು. ಪ್ರದರ್ಶನದ ದಿನ ಬಾಗಿಲ ಪಕ್ಕದ ಫಲಕದಲ್ಲಿ ಕಲಾವಿದೆಯ ಪರಿಚಯ ಬರೆಸುವಾಗ ಒಂದು ಸಾಲು ತಾನೇ ಸೇರಿಸಿದಳು: ಬಾಂಬ್ ದಾಳಿಯಲ್ಲಿ ಅಣ್ಣನನ್ನು ಕಳೆದುಕೊಂಡವಳು.

ಗಂಡ ಪ್ರಭುದೇವ ಓದಿ ಹುಬ್ಬೇರಿಸಿದ. "ಇದನ್ನ ಅವರಿಗೆ ತೋರಿಸಿದ್ಯಾ?"

"ಅವಳಿಗೇನ್ ಗೊತ್ತು ಮಾರ್ಕೆಟಿಂಗು? ನೀನು ಗೆಸ್ಟ್‌ಗಳನ್ನ ಅಟೆಂಡ್ ಮಾಡು."

ಜನ ಬಂದರು, ಫಲಕ ಓದಿ, ತಗ್ಗಿದ ದನಿಯಲ್ಲಿ ಮಾತಾಡಿದರು. ಒಬ್ಬ ಚೀನೀ ಅಜ್ಜಿ ಹನಾದಿಯ ಎರಡೂ ಕೈ ಹಿಡಿದು, "ನಿನ್ನ ಅಣ್ಣನಿಗಾಗಿ ಪ್ರಾರ್ಥಿಸ್ತೀನಿ ಮಗಳೇ," ಎಂದು ಕಣ್ಣೊರೆಸಿಕೊಂಡಳು.

"ಅಣ್ಣನಿಗೇನಾಯ್ತು? ಬೆಳಿಗ್ಗೆ ತಾನೇ ಫೋನಿನಲ್ಲಿ ಮಂಡಿನೋವು ಅಂತ ಗೊಣಗ್ತಿದ್ದ!"

ಅಜ್ಜಿ ತಬ್ಬಿಬ್ಬಾಗಿ ಫಲಕ ತೋರಿಸಿದಳು. ಹನಾದಿ ಓದಿದಳು. ಗೋಡೆಯಿಂದ ಮೊದಲ ಚಿತ್ರ ಕಳಚಿ ನೆಲಕ್ಕಿಟ್ಟಳು. ಆಮೇಲೆ ಪಕ್ಕದ್ದಕ್ಕೆ ಕೈ ಹಾಕಿದಳು.

ಸುರೇಖಾ ಓಡಿಬಂದು ತೋಳು ಹಿಡಿದಳು. "ಹುಚ್ಚು ಹಿಡಿದಿದೆಯಾ? ಎಲ್ಲರೂ ನೋಡ್ತಿದ್ದಾರೆ!"

"ನೋಡಲಿ. ಬದುಕಿರೋ ನನ್ನ ಅಣ್ಣನನ್ನ ನೀವು ಕೊಂದಿದ್ದು ಇವರಿಗೋಸ್ಕರ ತಾನೇ?"

ಪ್ರಭುದೇವ ಏಣಿ ಹಾಕಿಕೊಂಡು ಹನಾದಿಯ ಜೊತೆ ಚಿತ್ರಗಳನ್ನು ಇಳಿಸತೊಡಗಿದ. ಸುರೇಖಾಳ ಹೊಟ್ಟೆ ಉರಿದದ್ದು ಅದಕ್ಕೇ ಹೆಚ್ಚು.

ಸೇಡು ತೀರಿಸಿಕೊಳ್ಳದೆ ಅವಳು ಬಿಡಲಿಲ್ಲ. ಹನಾದಿಯದು ಹಠಮಾರಿ ಸ್ವಭಾವ, ನಂಬಿದರೆ ಕೆಟ್ಟಿರಿ ಎಂದು ಪರಿಚಯದ ಗ್ಯಾಲರಿಯವರಿಗೆಲ್ಲ ಹೇಳಿದಳು. ಬಾಗಿಲುಗಳು ಮುಚ್ಚಿದವು. ಹನಾದಿ ಶಾಲಾಮಕ್ಕಳಿಗೆ ಡ್ರಾಯಿಂಗ್ ಕಲಿಸಿ ದಿನ ತಳ್ಳಿದಳು, ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಮರುವರ್ಷ ಚೋವಾ ಚು ಕಾಂಗ್ ಬಡಾವಣೆಯ ಸಭಾಭವನದಲ್ಲಿ ಅವಳ ಚಿತ್ರಗಳಿವೆ ಎಂದು ತಿಳಿದು, ಅವಳು ಸೋತಿರುವುದನ್ನು ಕಾಣುವ ಆಸೆಯಿಂದ ಸುರೇಖಾ ಹೋದಳು. ಕಾಲಿಡಲು ಜಾಗವಿರಲಿಲ್ಲ. ಎಂಆರ್‌ಟಿ ರೈಲಿನಲ್ಲಿ ಚಪ್ಪಲಿ ಕಳಚಿಟ್ಟು ನಿದ್ದೆಹೋದ ಕೆಲಸದ ಹೆಂಗಸಿನ ಚಿತ್ರದ ಮುಂದೆ ಸುರೇಖಾಳ ಕಾಲು ತಾನಾಗಿ ನಿಂತಿತು. ಅದು ತನಗೆ ಬೇಕೇ ಬೇಕು ಅನ್ನಿಸಿತು.

"ಇದು ಮಾರಾಟಕ್ಕಿದೆಯಾ?"

"ಇದೆ," ಎಂದಳು ಹನಾದಿ. "ನಿಮಗಲ್ಲ."

ಅಷ್ಟು ಹೇಳಿ, ಮುಂದಿನವರತ್ತ ತಿರುಗಿದಳು.