ಸ್ಥಿರವಲ್ಲದ ಕಂಬಿ

ನಮ್ಮ ನಗರಸಭೆಯ ಸಭಾಂಗಣದ ದೊಡ್ಡ ಮೇಜಿನ ಮೇಲೆ ಒಂದು ಮರದ ಹಲಗೆ ಇರುತ್ತದೆ. ಒಂದು ಮುಖದಲ್ಲಿ ‘ನೌಕರರ ಸುರಕ್ಷತಾ ಮಂಡಳಿ’ ಎಂದು ಬರೆದಿದೆ, ಇನ್ನೊಂದು ಮುಖದಲ್ಲಿ ‘ನದೀತೀರ ಯೋಜನಾ ಮಂಡಳಿ’ ಎಂದು. ಬೆಳಗ್ಗೆ ಒಂದರ ಸಭೆ, ಚಹಾ ಆದ ಮೇಲೆ ಇನ್ನೊಂದರದು. ನಡುವೆ ಹಲಗೆ ತಿರುಗಿಸುವುದು ನನ್ನ ಕೆಲಸ. ಕುರ್ಚಿಗಳು ಅವೇ, ಮೈಕು ಅದೇ, ಕೂತ ಮನುಷ್ಯರೂ ಅವರೇ. ಇಡೀ ಊರಿನಲ್ಲಿ ಸಭೆಗೆ ಬಂದು ಕೂರಲು ಪುರುಸೊತ್ತಿರುವವರು ಅಷ್ಟೇ ಜನ ಅಂತ ಕಾಣುತ್ತದೆ, ಅದಕ್ಕೇ ಎರಡು ಮಂಡಳಿಗೂ ಅವರನ್ನೇ ಹಾಕಿದ್ದಾರೆ.

ಸಭಾಂಗಣದ ಬಾಗಿಲು ತೆಗೆಯುವವಳು, ಕಸ ಹೊಡೆಯುವವಳು, ಮೈಕು ಕೂಗದಂತೆ ನೋಡಿಕೊಳ್ಳುವವಳು ನಾನು. ಸುರಕ್ಷತಾ ಮಂಡಳಿಯಲ್ಲಿ ಕೆಲಸಗಾರರೊಬ್ಬರು ಇರಲೇಬೇಕು ಅಂತ ನಿಯಮವಂತೆ. “ಹೇಗೂ ನೀವು ಅಲ್ಲೇ ನಿಂತಿರ್ತೀರಲ್ಲ, ಕೂತ್ಕೊಂಡ್ಬಿಡಿ” ಎಂದು ಕಾರ್ಯದರ್ಶಿ ನನ್ನನ್ನೇ ಸೇರಿಸಿಬಿಟ್ಟರು. ಹಾಗಾಗಿ ಬೆಳಗ್ಗೆ ನಾನು ಸದಸ್ಯೆ. ಚಹಾ ಆದ ಮೇಲೆ ನನ್ನ ಕುರ್ಚಿ ಗೋಡೆಗೆ ಹೋಗುತ್ತದೆ, ನಾನು ಬಾಗಿಲಿಗೆ ಹೋಗುತ್ತೇನೆ.

ಈ ಗೋಜಲೆಲ್ಲ ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಕಬ್ಬಿಣದ ಕಂಬಿ.

ನಮ್ಮ ಯಜಮಾನರು ನಗರಸಭೆಯ ದೋಣಿಯಲ್ಲಿ ನದಿಯ ಕಳೆ, ಪ್ಲಾಸ್ಟಿಕ್ಕು, ಊರ ಜನ ಎಸೆದ ಸಕಲ ದರಿದ್ರವನ್ನೂ ಎಳೆದು ತೆಗೆಯುವ ಕೆಲಸದವರು. ರಸ್ತೆಯಿಂದ ನೀರಿಗೆ ಕಲ್ಲಿನ ಮೆಟ್ಟಿಲುಗಳಿವೆ. ಮೇಲಿನವು ಒಣಗಿರುತ್ತವೆ, ಕೆಳಗಿನವು ಯಾವಾಗಲೂ ಒದ್ದೆ, ಪಾಚಿ. ಕಳೆದ ಮಳೆಗಾಲದಲ್ಲಿ ಇವರು ಅಲ್ಲೇ ಜಾರಿ ಬಿದ್ದು ಮಂಡಿ ಮುರಿದುಕೊಂಡರು. ಆಮೇಲೆ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಪಕ್ಕದ ಮನೆ ಬೆಕ್ಕಿನ ಜೊತೆ ಜಗಳ ಆಡಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿದ್ದರು. ಡಾಕ್ಟರು ಇನ್ನು ಹಗುರ ಕೆಲಸಕ್ಕೆ ಹೋಗಬಹುದು ಎಂದರು. ಎಂದವರು ನನ್ನನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಸಲ ಬಿದ್ರೆ ಆ ಕಾಲು ಯಾರ ಕೈಲೂ ಸರಿ ಮಾಡಕ್ಕಾಗಲ್ಲಮ್ಮ” ಎಂದೂ ಹೇಳಿದರು.

ಇವರು ಭಯ ಅಂತ ಬಾಯಿಬಿಟ್ಟು ಹೇಳುವ ಗಂಡಸಲ್ಲ. ಆದರೆ ಮನೆಯ ಮೆಟ್ಟಿಲು ಇಳಿಯುವಾಗ ಗೋಡೆ ಸವರಿಕೊಂಡು ಇಳಿಯುತ್ತಾರೆ. ನಾನು ನೋಡಿದರೆ, “ಎಷ್ಟು ಧೂಳು ನೋಡೇ” ಎಂದು ಗೋಡೆಯನ್ನು ಒರೆಸಿದ ಹಾಗೆ ಮಾಡುತ್ತಾರೆ.

ಹಾಗಾಗಿ ಅವತ್ತು ಬೆಳಗ್ಗೆ ಸಭೆಯಲ್ಲಿ ಬಾಯಿಬಿಟ್ಟೆ. ಆ ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿಕೊಡಿ ಅಂತ ಕೇಳಿದೆ. ನಮ್ಮ ಅಧ್ಯಕ್ಷರು ಯಾರು ಏನೇ ಹೇಳಿದರೂ ‘ಆಯ್ತು ಆಯ್ತು’ ಎನ್ನುವವರು, ಬೆನ್ನ ಹಿಂದೆ ನಾವು ಕರೆಯುವುದೇ ಆಯ್ತು ಸಾಹೇಬರು ಅಂತ. ಅವರು “ಆಯ್ತು ಆಯ್ತು, ಮನುಷ್ಯರ ಜೀವ ಮುಖ್ಯ” ಎಂದರು. ಊರಿನ ನಕ್ಷೆ ಬರೆಯುವ ಮೇಡಂ, ಅವರನ್ನು ನಕ್ಷೆ ಮೇಡಂ ಎಂದೇ ಕರೆಯುತ್ತೇವೆ, “ಪಾಪ, ಎಷ್ಟು ನೋವು ತಿಂದ್ರೋ” ಎಂದು ಕಣ್ಣೊರೆಸಿಕೊಂಡರು. ಎಲ್ಲರ ಕೈಯೂ ಮೇಲೆದ್ದಿತು. ಖುಷಿಗೆ ನಾನು ತಟ್ಟೆಗೆ ಬಿಸ್ಕತ್ತು ಜಾಸ್ತಿಯೇ ಹಾಕಿದೆ.

ಚಹಾ ಆಯಿತು. ಹಲಗೆ ತಿರುಗಿಸಿ ಬಾಗಿಲ ಹತ್ತಿರ ನಿಂತೆ.

ನಕ್ಷೆ ಮೇಡಂ ಮೇಜಿನ ಮೇಲೆ ಒಂದು ದೊಡ್ಡ ಚಿತ್ರ ಹರಡಿದರು. ನದಿ ನೀಲಿ, ಆಕಾಶ ಅದಕ್ಕಿಂತ ನೀಲಿ, ಮೆಟ್ಟಿಲುಗಳು ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. “ಕಣ್ಣಿಗೂ ನೀರಿಗೂ ನಡುವೆ ಏನೂ ಅಡ್ಡ ಇರಬಾರದು. ಮೆಟ್ಟಿಲ ಮೇಲೆ ಸ್ಥಿರವಾದ ಯಾವ ಕಟ್ಟಡವೂ, ಕಂಬಿಯೂ ಬೇಡ” ಎಂದರು. “ಆಯ್ತು ಆಯ್ತು” ಎಂದರು ಅಧ್ಯಕ್ಷರು. ಕೈಗಳು ಮೇಲೆದ್ದವು. ಅವೇ ಕೈಗಳು. ಒಬ್ಬರ ಬೆರಳಿಗೆ ನನ್ನ ಬಿಸ್ಕತ್ತಿನ ಪುಡಿ ಇನ್ನೂ ಅಂಟಿಕೊಂಡಿತ್ತು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಮುಂದೆ ಹೋದೆ.

“ಸಾರ್, ಈಗ ತಾನೆ ಅದೇ ಮೆಟ್ಟಿಲಿಗೆ ಕಂಬಿ ಹಾಕ್ಬೇಕು ಅಂದ್ರಲ್ಲ?”

“ಯಾರಮ್ಮ ಅಂದಿದ್ದು?” ಎಂದರು ಅಧ್ಯಕ್ಷರು.

“ನೀವೇ ಸಾರ್. ಚಹಾಕ್ಕೆ ಮುಂಚೆ.”

“ಓ ಅದಾ? ಅದು ಸುರಕ್ಷತಾ ಮಂಡಳಿ ಕಣಮ್ಮ. ಅವರ ವಿಷಯದಲ್ಲಿ ನಾವು ತಲೆ ಹಾಕೋ ಹಾಗಿಲ್ಲ.”

“ಅವರು ಅಂದ್ರೆ ನೀವೇ ಅಲ್ವಾ ಸಾರ್?”

ಅವರು ಹಲಗೆ ನೋಡಿದರು, ನನ್ನನ್ನು ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ಪರವಾಗಿರಲಿಲ್ಲ, ಅವರ ಮುಖದಲ್ಲಿ ಇದ್ದದ್ದು ಕನಿಕರ. “ಹಲಗೆ ನೋಡಮ್ಮ. ನೀನೇ ತಾನೆ ತಿರುಗಿಸಿದ್ದು?”

ಹೌದು, ನಾನೇ ತಿರುಗಿಸಿದ್ದು. ವಾಪಸ್ ಬಾಗಿಲಿಗೆ ಹೋಗಿ ನಿಂತೆ.

ಎರಡೂ ಆದೇಶ ಹೋಗಿದ್ದು ಒಬ್ಬನೇ ವೆಲ್ಡರಿನ ಹತ್ತಿರ. ಪಾಪದವನು, ಟೋಪಿ ತೆಗೆದು ತಲೆ ಕೆರೆದುಕೊಂಡು ಸಭಾಂಗಣಕ್ಕೇ ಬಂದ. “ಅಕ್ಕಾ, ಹಾಕಲೋ, ಕೀಳಲೋ? ಎರಡಕ್ಕೂ ಸಾಹೇಬ್ರದ್ದೇ ಸಹಿ ಇದೆ.”

“ನನ್ನೇನಪ್ಪಾ ಕೇಳ್ತೀಯ? ನಾನು ಬರೀ ಹಲಗೆ ತಿರುಗಿಸೋಳು.”

ಟೋಪಿ ವಾಪಸ್ ಹಾಕಿಕೊಂಡು ಅವನೇ ಹೇಳಿದ: “ಮೊದಲು ಹಾಕ್ತೀನಿ, ಆಮೇಲೆ ಕೀಳ್ತೀನಿ. ಯಾರ ಮಾತೂ ಮೀರಿದ ಹಾಗಾಗಲ್ಲ.”

ಹಾಗೇ ಮಾಡಿದ. ಕಂಬಿ ಹಾಕಿದ ಸಂಜೆ ನಮ್ಮ ಯಜಮಾನರು ನನ್ನನ್ನೂ ಕರೆದುಕೊಂಡು ನೋಡಲು ಹೋದರು. ಮೇಲಿನಿಂದ ಕೆಳಗಿನವರೆಗೆ ಕಂಬಿ ಹಿಡಿದು ಇಳಿದರು, ಹತ್ತಿದರು, ಮತ್ತೆ ಇಳಿದರು. ಅಲ್ಲಾಡಿಸಿ ನೋಡಿದರು. “ಗಟ್ಟಿಯಾಗಿದೆ ಕಣೇ” ಎಂದರು. ಅವರ ಮುಖ ಹಾಗೆ ಹಗುರಾಗಿದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಇದು ನಾಳೆ ಇರಲ್ಲ ರೀ ಅಂತ ಹೇಳಲು ಬಾಯಿ ಬರಲೇ ಇಲ್ಲ. ಮಾರನೇ ದಿನ ಮೆಟ್ಟಿಲು ನುಣ್ಣಗಾಗಿತ್ತು. ಕಂಬಿ ಇದ್ದ ಗುರುತೂ ಸಿಗದಂತೆ ಉಜ್ಜಿಟ್ಟಿದ್ದ.

ಮುಂದಿನ ಸಭೆಯಲ್ಲಿ ಮತ್ತೆ ಕೇಳಿದೆ. ಬೆಳಗಿನ ಪಾಳಿ. ಕಂಬಿ ಕಿತ್ತಿದ್ದಾರೆ ಎಂದು ಗೊತ್ತಾಗಿದ್ದೇ ತಡ, ಅಧ್ಯಕ್ಷರಿಗೆ ಪಿತ್ತ ನೆತ್ತಿಗೇರಿತು.

“ಆ ನದೀತೀರದವರಿಗೆ ಬುದ್ಧಿ ಗಿದ್ದಿ ಇದೆಯೇನ್ರೀ?” ಎಂದು ಮೇಜು ಕುಟ್ಟಿದರು.

“ಸ್ವಲ್ಪನಾದ್ರೂ ಮನುಷ್ಯತ್ವ ಬೇಡ್ವಾ ಅವರಿಗೆ?” ಎಂದರು ನಕ್ಷೆ ಮೇಡಂ. ಸುಳ್ಳಲ್ಲ, ನಿಜವಾಗಿಯೂ ನೊಂದುಕೊಂಡು ಅಂದರು. ಅದೇ ನನಗೆ ಇನ್ನೂ ಗೊಂದಲ. ನಾಟಕ ಆಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಕೆಳಗಿನ ಮೆಟ್ಟಿಲಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲೇಬೇಕು ಎಂದು ಎಲ್ಲರೂ ಕೈ ಎತ್ತಿದರು.

ಚಹಾ ಆಯಿತು. ಹಲಗೆ ತಿರುಗಿಸಿದೆ.

“ಆ ಸುರಕ್ಷತೆಯವರು ಬಿಟ್ರೆ ನದಿಗೂ ಹೆಲ್ಮೆಟ್ ಹಾಕ್ತಾರೆ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಕ್ಷೆ ಮೇಡಂ ಎಲ್ಲರಿಗಿಂತ ಜಾಸ್ತಿ ನಕ್ಕರು.

ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಚಹಾದ ಲೋಟಗಳನ್ನು ಮೇಜಿನ ಮೇಲೆ ಕುಕ್ಕಿದೆ.

“ಹಾಗಾದ್ರೆ ಒಂದು ಕೆಲಸ ಮಾಡಿ ಸಾರ್. ಕಂಬಿ ಬದಲು ಒಬ್ಬ ಮನುಷ್ಯನ್ನ ನಿಲ್ಲಿಸ್ಬಿಡಿ. ಇಳಿಯೋರೆಲ್ಲ ಅವನ ಕೈ ಹಿಡ್ಕೊಂಡು ಇಳೀಲಿ. ಮನುಷ್ಯ ಸ್ಥಿರ ಅಲ್ವಲ್ಲ, ನಿಮ್ಮ ನೋಟಕ್ಕೆ ಅಡ್ಡ ಬಂದ್ರೆ ಪಕ್ಕಕ್ಕೆ ಸರಿಸ್ಬಹುದು!”

ಮುಗಿಯಿತು ನನ್ನ ಕಥೆ, ಕೆಲಸ ಹೋಯಿತು ಅಂದುಕೊಂಡೆ. ಹೋದರೆ ಹೋಗಲಿ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ನಿಂತಿದ್ದೆ. ಅಧ್ಯಕ್ಷರು ಕನ್ನಡಕ ತೆಗೆದರು. ಕಾರ್ಯದರ್ಶಿ ಬರೆಯಲು ಶುರುಮಾಡಿದರು.

“ಎಷ್ಟು ಸರಳ!” ಎಂದರು ನಕ್ಷೆ ಮೇಡಂ. “ನಮಗೆ ಯಾಕೆ ಹೊಳೀಲಿಲ್ಲ ಇದು?”

“ಆಯ್ತು ಆಯ್ತು!” ಎಂದು ಅಧ್ಯಕ್ಷರು ಚಪ್ಪಾಳೆ ಹೊಡೆದರು. “ಇದು ಆ ಮಂಡಳೀಲೂ ಪಾಸಾಗ್ಬೇಕಲ್ಲ. ತಿರುಗಿಸಮ್ಮ ಹಲಗೇನ.”

ತಿರುಗಿಸಿದೆ. ಕೈ ಎತ್ತಿದರು. “ಈಗ ವಾಪಸ್ ತಿರುಗಿಸು” ಎಂದರು. ತಿರುಗಿಸಿದೆ. ಮತ್ತೆ ಎತ್ತಿದರು. ನಾನು ವ್ಯಂಗ್ಯಕ್ಕೆ ಅಂದದ್ದು ಸಾರ್ ಎಂದು ಎರಡು ಸಲ ಹೇಳಿದೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಹೊರಗೆ ಕಾರ್ಯದರ್ಶಿ ಸಿಕ್ಕಿದರು. “ನಿಮ್ಮ ಯಜಮಾನ್ರಿಗೆ ಹಗುರ ಕೆಲಸ ಕೊಡಿ ಅಂತ ಡಾಕ್ಟರು ಹೇಳಿದಾರಲ್ಲ? ಸುಮ್ನೆ ನಿಂತ್ಕೊಳ್ಳೋದಕ್ಕಿಂತ ಹಗುರ ಕೆಲಸ ಯಾವುದಿದೆ? ಅವರನ್ನೇ ಹಾಕಿದೀನಿ” ಎಂದು ದೊಡ್ಡ ಉಪಕಾರ ಮಾಡಿದವರಂತೆ ನಕ್ಕರು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಮನೆಗೆ ಬಂದು ಎಲ್ಲ ಹೇಳಿದೆ.

“ಅಂದ್ರೆ ನಾನು ಕಂಬೀನಾ?”

“ಹೂಂ ರೀ. ಸಿಟ್ಟಿಗೆ ಅಂದ್ಬಿಟ್ಟೆ. ಅವರು ಬರ್ಕೊಂಡ್ಬಿಟ್ರು.”

“ನಿನ್ನ ಸಿಟ್ಟಿಗೆ ಇಷ್ಟು ಮರ್ಯಾದೆ ಈ ಮನೇಲೂ ಸಿಕ್ಕಿಲ್ವಲ್ಲೇ” ಎಂದು ನಕ್ಕರು. ನಗು ನಿಂತ ಮೇಲೆ ಮಂಡಿಯನ್ನು ನೀವಿಕೊಳ್ಳುತ್ತಾ, “ಎಲ್ಲರೂ ನನ್ನ ಹಿಡ್ಕೋತಾರೆ, ಸರಿ. ನಾನು ಯಾರನ್ನ ಹಿಡ್ಕೊಳ್ಳೋದು?” ಎಂದರು.

ಅದು ಯಾವ ಮಂಡಳಿಗೆ ಸೇರಿದ ಪ್ರಶ್ನೆ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಅತ್ತೆ.

ಹೊಸ ನದೀತೀರದ ಉದ್ಘಾಟನೆಯ ದಿನ ಬಂತು. ಇವರಿಗೆ ಹೊಸ ಸಮವಸ್ತ್ರ ಕೊಟ್ಟಿದ್ದರು. ಬಣ್ಣ ಆರಿಸಿದ್ದು ನಕ್ಷೆ ಮೇಡಂ, ಮೆಟ್ಟಿಲ ಕಲ್ಲಿನದೇ ಬಣ್ಣ, ಎದ್ದು ಕಾಣಬಾರದಲ್ಲ! ಕೆಳಗಿನ ಮೆಟ್ಟಿಲಲ್ಲಿ, ನೀರಿಗೆ ಅಂಟಿಕೊಂಡಂತೆ, ಎಡಗೈ ಮುಂದೆ ಚಾಚಿಕೊಂಡು ನಿಂತರು. ಮೇಲಿನಿಂದ ನೋಡಿದರೆ ಮೊದಲು ಕೈ ಕಾಣುತ್ತಿತ್ತು, ಆಮೇಲೆ ಮನುಷ್ಯ. ದೋಣಿಯ ಜೊತೆಗಾರರು ನಾಚಿಕೊಂಡೇ ಆ ಕೈ ಹಿಡಿದು ಇಳಿದರು. “ತಪ್ಪು ತಿಳ್ಕೋಬೇಡಣ್ಣಾ” ಎಂದ ಒಬ್ಬ. “ಹಿಡ್ಕೊಳೋ, ಅದಕ್ಕೇ ನಿಂತಿರೋದು” ಎಂದರು ಇವರು. ಒಬ್ಬೊಬ್ಬರು ಭಾರ ಹಾಕಿದಾಗಲೂ ಅವರ ಮಂಡಿ ಒಂದು ಸಲ ನಡುಗುತ್ತಿತ್ತು. ನನಗೆ ಮೇಲಿನಿಂದಲೇ ಕಾಣುತ್ತಿತ್ತು.

ಉದ್ಘಾಟನೆ ಎರಡೂ ಮಂಡಳಿಗಳ ಹೆಸರಿನಲ್ಲಿತ್ತು. ಅದಕ್ಕೆ ನನ್ನನ್ನು ಹಲಗೆ ಸಮೇತ ಬರಹೇಳಿದ್ದರು. ಸಾಹೇಬರು, ಮೇಡಂ, ಕಾರ್ಯದರ್ಶಿ ಮಧ್ಯದ ಒಣ ಮೆಟ್ಟಿಲಲ್ಲಿ ಸಾಲಾಗಿ ನಿಂತರು. ನಾನು ಪಕ್ಕದಲ್ಲಿ ಹಲಗೆ ಎತ್ತಿ ಹಿಡಿದೆ. ಒಂದು ಫೋಟೋ ಈ ಮುಖದ್ದು, ಇನ್ನೊಂದು ಆ ಮುಖದ್ದು.

ದೋಣಿಯಲ್ಲಿ ನಿಂತು ಕ್ಯಾಮೆರಾ ಹಿಡಿದಿದ್ದವನು ಕೂಗಿದ: “ಆ ಕಂಬಿ ಅಡ್ಡ ಬರ್ತಿದೆ ಸಾರ್. ಸ್ವಲ್ಪ ಪಕ್ಕಕ್ಕೆ ಸರೀಲಿ!”

ಇವರು ಹಿಂದೆ ಮುಂದೆ ನೋಡಿದರು, ಎಲ್ಲಿದೆ ಕಂಬಿ ಅಂತ. ಆಮೇಲೆ ಅರ್ಥವಾಯಿತು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರು. ಅಲ್ಲಿ ಯಾರೂ ತುಳಿಯುವುದಿಲ್ಲ, ಹಸಿರು ಪಾಚಿ ದಪ್ಪಗೆ ಕೂತಿತ್ತು. ಮಂಡಿ ಬಾಗಿತು. ಅವರ ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಹಿಂದೆ ಒಂದು ಸಂಜೆ ಕಂಬಿ ಇದ್ದ ಜಾಗದಲ್ಲೇ ಹುಡುಕಿತು.

ಹಲಗೆ ಎಸೆದೆ. ಹೇಗೆ ಇಳಿದೆನೋ ಗೊತ್ತಿಲ್ಲ, ಆ ಕೈ ನನ್ನ ಕೈಗೆ ಸಿಕ್ಕಿತ್ತು. ಇವರ ಒಂದು ಕಾಲು ಆಗಲೇ ನೀರಿನಲ್ಲಿತ್ತು, ಕೆಟ್ಟ ಕಾಲು ಮೆಟ್ಟಿಲ ಮೇಲೆ ಮಡಚಿಕೊಂಡಿತ್ತು.

“ಏನಮ್ಮಾ ಇದು! ಹಲಗೆ! ಹಲಗೆ ಹೋಯ್ತಲ್ಲ!” ಎಂದು ಮೇಲಿನಿಂದ ಅಧ್ಯಕ್ಷರು ಕೂಗಿದರು. “ಫೋಟೋದಿಂದ ಆಚೆ ಬಾ!”

“ಬರಲ್ಲ ಸಾರ್!”

“ಅಲ್ಲಿ ಹೋಗಿ ನಿಂತ್ಕೋ ಅಂತ ಯಾವ ಮಂಡಳಿ ಹೇಳಿದ್ದು ನಿನಗೆ?”

ಹಲಗೆ ನೀರಿನಲ್ಲಿ ಹೊರಳುತ್ತಾ ಹೋಗುತ್ತಿತ್ತು. ಒಮ್ಮೆ ಈ ಮುಖ, ಒಮ್ಮೆ ಆ ಮುಖ. ಅಧ್ಯಕ್ಷರೂ ಅದನ್ನೇ ನೋಡುತ್ತಾ ನಿಂತುಬಿಟ್ಟರು. ಕಾರ್ಯದರ್ಶಿಯ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತ್ತು. ಅಯ್ಯೋ ಪಾಪ ಅನ್ನಬೇಕೋ, ನೋಟಕ್ಕೆ ಅಡ್ಡ ಅನ್ನಬೇಕೋ, ಹಲಗೆ ಇಲ್ಲದೆ ತಾವು ಯಾರು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಒಬ್ಬರೂ ಒಂದು ಮೆಟ್ಟಿಲು ಕೆಳಗೆ ಇಳಿಯಲಿಲ್ಲ.

“ಲೇ,” ಎಂದರು ಇವರು ಮೆಲ್ಲಗೆ, “ನಿನ್ನನ್ನ ಯಾರು ಹಿಡ್ಕೊಂಡಿದಾರೆ?”

ಖಾಲಿ ಇದ್ದ ಕೈಯನ್ನು ಹಿಂದಕ್ಕೆ ಚಾಚಿದೆ. ಏನೂ ಸಿಗಲಿಲ್ಲ.

“ಯಾರೂ ಇಲ್ಲ ಕಣ್ರೀ.”

“ಹಾಗಾದ್ರೆ ಬಿಡೇ. ಇಬ್ಬರೂ ಬೀಳ್ತೀವಿ.”

ನನ್ನ ಚಪ್ಪಲಿ ಆಗಲೇ ಪಾಚಿಯ ಮೇಲೆ ನಿಧಾನಕ್ಕೆ ಜಾರಲು ಶುರುವಾಗಿತ್ತು.

“ಬಾಯಿ ಮುಚ್ಕೊಂಡು ಗಟ್ಟಿಯಾಗಿ ಹಿಡ್ಕೊಳ್ರೀ” ಎಂದೆ.