ಬೋಳು ನಕ್ಷತ್ರ

“ಪಾಕೀಟು ಹಾಲಾ? ನಾನಿನ್ನೂ ಬದ್ಕಿದೀನಿ ಕಣಮ್ಮ!”

ಬಾಗಿಲಲ್ಲೇ ನಿಂತು ಮುನಿನಾರಾಯಣಮ್ಮ ರೇಗಿದಳು. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಆ ಲೈನ್ ಮನೆಗೆ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಹಾಲು-ಬೆಣ್ಣೆ ತರುವುದು ಅವಳ ಅಮ್ಮನ ಕಾಲದಿಂದ ಬಂದ ವರ್ತನೆ. ಮೊನ್ನೆ ಬೆಣ್ಣೆ ಕೊಟ್ಟು ಹೋದವಳು, ಕ್ರಿಸ್‌ಮಸ್ ಬಿಸ್ಕತ್ತು ಹೇಗಾಯಿತೋ ನೋಡೋಣವೆಂದು ಇವತ್ತು ಬರಿಗೈಲಿ ಬಂದಿದ್ದಳು.

ಒಳಗೆ ರೂಪ ಖಾಲಿ ಹಾಲಿನ ಕವರಿಗೆ ಸಕ್ಕರೆಪುಡಿಯ ಕ್ರೀಮ್ ತುಂಬಿ, ಮೂಲೆ ಕತ್ತರಿಸಿ, ನಕ್ಷತ್ರದಾಕಾರದ ಬಿಸ್ಕತ್ತುಗಳ ಮೇಲೆ ಗೆರೆ ಎಳೆಯುತ್ತಿದ್ದಳು.

“ಕವರಿಗೋಸ್ಕರ ತಂದಿದ್ದು ಅಕ್ಕ. ಇದ್ರಲ್ಲಿ ಹಿಂಡಿದ್ರೆ ನೀಟಾಗಿ ಬರುತ್ತೆ.”

“ಒಳಗಿದ್ದ ಹಾಲು?”

“ಕಾಫಿಗೆ.”

“ಅದೇ ನಾನೇಳಿದ್ದು.”

ರೂಪಳಿಗೆ ನಗುವಷ್ಟೂ ಪುರುಸೊತ್ತಿರಲಿಲ್ಲ. ಎರಡು ಗಂಟೆಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್. ಅಮ್ಮ ಆರೋಗ್ಯಮೇರಿಯ ಕಣ್ಣು ಹೋದ ಮೇಲೆ ಎರಡು ವರ್ಷ ಬೇಕರಿ ಬಿಸ್ಕತ್ತಿನಲ್ಲೇ ಹಬ್ಬ ಮುಗಿದಿತ್ತು. ಈ ಸಲ ಹಟ ಹಿಡಿದು, ಅಪ್ಪ ಅಂತೋಣಿ ಗಣಿಯ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿ ಮಾಡಿದ್ದ ನಕ್ಷತ್ರದ ಅಚ್ಚನ್ನು ಹುಡುಕಿ ತೆಗೆದಿದ್ದಳು. ಅದರ ಒಂದು ಮೂಲೆ ಮೊದಲಿನಿಂದಲೂ ಸೊಟ್ಟ. ಅಮ್ಮ ಒಂದು ಬಿಸ್ಕತ್ತು ಬಾಯಿಗಿಟ್ಟು “ಇದು ನಮ್ಮನೇದು” ಅಂದರೆ ಅವಳಿಗೆ ಅಷ್ಟೇ ಸಾಕಿತ್ತು.

ಮಂಚದ ಮೇಲೆ ಕೂತಿದ್ದ ಆರೋಗ್ಯಮೇರಿಯ ತೊಡೆಗೆ ರೂಪ ತಟ್ಟೆ ಇಟ್ಟಳು. ಮುದುಕಿ ತಿನ್ನಲಿಲ್ಲ. ಒಂದೊಂದೇ ನಕ್ಷತ್ರವನ್ನು ಬೆರಳಲ್ಲಿ ಸವರುತ್ತ ಹೋದಳು. ಕೊನೆ ಮುಟ್ಟಿ ಮತ್ತೆ ಮೊದಲಿಂದ ಸವರಿದಳು.

“ಬೋಳು ಎಲ್ಲಿ?”

ರೂಪ ನಾಲಿಗೆ ಕಚ್ಚಿಕೊಂಡಳು. “ಮರ್ತೇಹೋಯ್ತಮ್ಮ. ಎಲ್ಲಕ್ಕೂ ಹಾಕ್ಬಿಟ್ಟೆ.”

ಮುನಿನಾರಾಯಣಮ್ಮನಿಗೆ ಆ ಮನೆಯ ವಾಡಿಕೆ ಗೊತ್ತಿತ್ತು. ಮನೆಯ ಗಂಡಸು ಗಣಿಯೊಳಗಿದ್ದರೆ ಒಂದು ನಕ್ಷತ್ರಕ್ಕೆ ಕ್ರೀಮ್ ಹಾಕುವಂತಿಲ್ಲ. ಅವನು ಮೇಲೆ ಬಂದು, ಕೈತೊಳೆದು, ತಾನೇ ಅದಕ್ಕೆ ಕ್ರೀಮಿನ ಬೊಟ್ಟಿಡಬೇಕು. ಆಮೇಲೇ ಉಳಿದವರ ಬಾಯಿಗೆ. ತಾನು ಒಂಬತ್ತು ವರ್ಷದವಳಿದ್ದಾಗ, ಅಮ್ಮನ ಜೊತೆ ಹಾಲು ಹಾಕಲು ಬಂದವಳು, ಯಾರಿಗೂ ಬೇಡದ್ದಿರಬೇಕೆಂದು ಆ ಬೋಳನ್ನು ತಿಂದುಬಿಟ್ಟಿದ್ದಳು. ಗಂಡನಿಗೇನೋ ಆಯಿತೆಂದು ಆರೋಗ್ಯಮೇರಿ ಗಣಿಯ ಶಾಫ್ಟಿನವರೆಗೆ ಬರಿಗಾಲಲ್ಲಿ ಓಡಿದ್ದಳು. ಸುಖವಾಗಿ ಮೇಲೆ ಬಂದ ಅಂತೋಣಿ ವಿಷಯ ಕೇಳಿ ಬಿದ್ದು ಬಿದ್ದು ನಕ್ಕು, “ನನ್ನ ನಕ್ಷತ್ರ ಇವಳೇ” ಅಂತ ಈ ಹುಡುಗಿಯ ಮೂಗಿಗೆ ಕ್ರೀಮ್ ಬಳಿದಿದ್ದ. ಎಂಥಾ ಮನುಷ್ಯ! ಗಣಿ ಮುಚ್ಚಿದ ಮೇಲೂ, ಅವನಿರುವ ತನಕ, ಬೋಳು ನಕ್ಷತ್ರ ತಪ್ಪಿರಲಿಲ್ಲ.

“ಅಪ್ಪನೇ ಇಲ್ಲ, ಇನ್ಯಾರಿಗೆ ಇಡೋದಮ್ಮ?” ರೂಪಳ ದನಿ ಗೋಗರೆಯುವಂತಿತ್ತು. “ಒಂದು ತಿಂದು ಹೇಳು. ಬಸ್ ಬಂದ್ಬಿಡುತ್ತೆ.”

“ವೇಣಾಂ. ಈಗ ಬೇಡ.”

ರೂಪಳ ಮುಖ ಸಣ್ಣದಾಯಿತು. ಕೊರಳಿಗೆ ಕಾರ್ಖಾನೆಯ ಐಡಿ ಕಾರ್ಡ್ ಹಾಕಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟುಹೋದಳು.

ಮುನಿನಾರಾಯಣಮ್ಮನಿಗೆ ತಡೆಯಲಾಗಲಿಲ್ಲ. “ಒಂದ್ ಚೂರು ಬಾಯಿಗಾಕ್ಕೊಂಡಿದ್ರೆ ನಿನ್ ಗಂಟೇನು ಓಗ್ತಿತ್ತು ಮೇರಕ್ಕ? ಎರಡು ದಿನದಿಂದ ಒದ್ದಾಡವ್ಳೆ ಆ ಉಡ್ಗಿ.”

ಆರೋಗ್ಯಮೇರಿ ತಟ್ಟೆಯಿಂದ ಒಂದು ನಕ್ಷತ್ರ ಎತ್ತಿ, ಸೊಟ್ಟ ಮೂಲೆಯಿಂದ ಶುರುಮಾಡಿ ಹೆಬ್ಬೆರಳಲ್ಲಿ ಕ್ರೀಮನ್ನೆಲ್ಲ ಮೆಲ್ಲಗೆ ಬಳಿದು ತೆಗೆದಳು. ಬೆರಳನ್ನು ಬಾಯಿಗಿಟ್ಟುಕೊಳ್ಳಲಿಲ್ಲ. ಕೈ ಚಾಚಿ ಮುನಿನಾರಾಯಣಮ್ಮನ ಮುಖ ತಡವಿ, ಅವಳ ಮೂಗಿಗೆ ಒರೆಸಿದಳು.

“ಇದನ್ನ ಗೂಡಲ್ಲಿಡು. ತಿಂದ್ಬಿಟ್ಟೀಯ ಮತ್ತೆ!”

“ಯಾರಿಗಕ್ಕ?”

“ನನ್ ಮಗಳು ಶಿಫ್ಟಿಗೆ ಹೋಗಿದಾಳಲ್ಲ. ಬಂದು ಬೊಟ್ಟಿಡ್ಲಿ. ಆಮೇಲೆ ತಿಂತೀನಿ.”

ಮುನಿನಾರಾಯಣಮ್ಮ ಮೂಗು ಒರೆಸಿಕೊಳ್ಳಲಿಲ್ಲ. ಬೋಳು ನಕ್ಷತ್ರವನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಿಕ್ಕ ಕ್ರೀಮ್ ಒಣಗದಿರಲೆಂದು ಆ ಹಾಲಿನ ಕವರಿನ ಮೂಲೆ ಮಡಚಿ, ಪಕ್ಕದಲ್ಲೇ ಒರಗಿಸಿಟ್ಟಳು.